ಖಂಡೇನವಮಿಯ ಬ್ರೇಕ್ ಪ್ಯಾಡು

ಬ್ರೇಕ್ ಪ್ಯಾಡ್ ಯಾವುದಾದರೇನು, ಎಲ್ಲವೂ ಒಂದೇ ಎಂದು ಯಾರಾದರೂ ನನ್ನೆದುರು ಹೇಳಿದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಒಂದೇ ಅಲ್ಲ ಮಾರಾಯರೇ. ಚಹಾದ ಪುಡಿ ಕೊಳ್ಳಲು ನಾಲ್ಕು ಅಂಗಡಿ ತಿರುಗುವ ಜನ, ಓಡುವ ಗಾಡಿಯನ್ನು ನಿಲ್ಲಿಸುವ ವಸ್ತುವನ್ನು ಮಾತ್ರ ಮೆಕ್ಯಾನಿಕ್ ಕೊಟ್ಟದ್ದೇ ಪ್ರಸಾದವೆಂದು ತೆಗೆದುಕೊಳ್ಳುತ್ತಾರೆ. ಈ ವಿಷಯಕ್ಕೆ ನಾನು ಮದುವೆ ಮನೆಗಳಲ್ಲಿ ಊಟದ ಪಂಕ್ತಿಯಲ್ಲೇ ಜಗಳವಾಡಿದ್ದೇನೆ. ಹೆಂಡತಿ ಪಕ್ಕದಿಂದ ಚಿವುಟಿದರೂ ಬಿಟ್ಟಿಲ್ಲ. ಇಷ್ಟೆಲ್ಲ ಬಡಕೊಳ್ಳುವ ನಾನು, ನನ್ನ ಸ್ವಂತ ತಮ್ಮನ ಕಾರಿಗೆ ಎಂಥ ಪ್ಯಾಡು ಹಾಕಿದ್ದೆ ಎಂಬುದನ್ನು ಮಾತ್ರ ಆರು ವರ್ಷ ಯಾರಿಗೂ ಹೇಳಲಿಲ್ಲ.

ಪುಣೆಯ ಪಕ್ಕದ ಭೋಸರಿಯ ಒಂದು ಕಾರ್ಖಾನೆಯಲ್ಲಿ ನನ್ನ ಕೆಲಸ. ಬ್ರೇಕಿನ ಪ್ಯಾಡು, ಲೈನಿಂಗು ತಯಾರಾಗುವ ಜಾಗ ಅದು. ನಾನು ಇದ್ದದ್ದು ಪರೀಕ್ಷೆಯ ಕೋಣೆಯಲ್ಲಿ. ಉಕ್ಕಿನ ತಗಡಿನ ಮೇಲೆ ಅಂಟಿಸಿದ ಬೆರಳು ದಪ್ಪದ ಕಪ್ಪು ಬಿಲ್ಲೆ, ಅದೇ ಪ್ಯಾಡು. ಚಕ್ರದ ಒಳಗೆ ತಿರುಗುವ ಉಕ್ಕಿನ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಅದು ಎರಡೂ ಕಡೆಯಿಂದ ಒತ್ತಿ ಹಿಡಿದರೆ ಗಾಡಿ ನಿಲ್ಲುತ್ತದೆ. ನಾವು ಅದನ್ನು ಯಂತ್ರಕ್ಕೆ ಕಟ್ಟಿ, ತಟ್ಟೆ ಕೆಂಪಗಾಗುವವರೆಗೂ ಉಜ್ಜಿಸಿ, ಎಷ್ಟು ಹಿಡಿಯಿತು, ಎಲ್ಲಿ ಕೈ ಬಿಟ್ಟಿತು ಎಂದು ಬರೆಯುತ್ತಿದ್ದೆವು. ಆ ಕೋಣೆಗೆ ಸೇರಿದ ಮೊದಲ ದಿನ ನನ್ನ ಮೇಲಿನವರು ಒಂದೇ ಪಾಠ ಹೇಳಿಕೊಟ್ಟರು. ಪ್ಯಾಡಿನ ಕಪ್ಪು ಮೈಯನ್ನು ಬೆರಳಿನಿಂದ ಮುಟ್ಟಬಾರದು, ಎಲ್ಲಿಟ್ಟರೂ ಕಪ್ಪು ಮೈ ಮೇಲೆ ಬರುವಂತೆ ಇಡಬೇಕು. ಕೆಳಗೆ ಮಾಡಿದರೆ ಧೂಳು, ಜಿಡ್ಡು ಹತ್ತುತ್ತದೆ. ಬೆರಳಿನ ಗುರುತು ಬಿದ್ದ ಪ್ಯಾಡನ್ನು ಕೂಡ ನಾನು ಹಿಂದಕ್ಕೆ ಕಳಿಸುತ್ತಿದ್ದೆ. ಕಾರ್ಖಾನೆಯ ಮರಾಠಿ ಗೆಳೆಯರು ನನಗೆ ಮಡಿ ಹೆಂಗಸು ಎಂದು ಹೆಸರಿಟ್ಟಿದ್ದರು.

ನಮ್ಮ ಅಪ್ಪ ಧಾರವಾಡದ ಕಡೆಯಿಂದ ಪುಣೆಗೆ ಕಾರಕೂನಿಕೆಗೆ ಬಂದವರು. ನಾನು ಕೆಲಸಕ್ಕೆ ಸೇರಿದ ವರ್ಷವೇ ತೀರಿಕೊಂಡರು. ಧನಕವಡಿಯ ಎರಡು ಕೋಣೆಯ ಮನೆಯಲ್ಲಿ ಅವ್ವ, ನಾನು, ತಮ್ಮ. ತಮ್ಮ ನನಗಿಂತ ಏಳು ವರ್ಷ ಚಿಕ್ಕವನು. ಡಿಪ್ಲೊಮಾ ಎರಡು ಸಲ ನಪಾಸಾದ. ಒಂದು ಕೊರಿಯರ್ ಕಚೇರಿಯಲ್ಲಿ ಕೂತ. ಅಲ್ಲೂ ದಿನಾ ಬೈಸಿಕೊಂಡು ಮುಖ ಸಪ್ಪಗೆ ಮಾಡಿಕೊಂಡು ಬರುತ್ತಿದ್ದ. ಆದರೆ ಸ್ಟೇರಿಂಗ್ ಹಿಡಿದರೆ ಅವನು ಬೇರೆಯೇ ಮನುಷ್ಯ. ಎಷ್ಟೋ ಸಲ ಅವನ ಪಕ್ಕದಲ್ಲಿ ಕೂತು ಬರೀ ಅವನ ಬಲಗಾಲನ್ನು ನೋಡಿದ್ದೇನೆ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಎಲ್ಲಿ ಸಡಿಲಿಸಬೇಕು ಎಂಬುದು ಆ ಕಾಲಿಗೆ ಯಾರೂ ಕಲಿಸದೆ ಬಂದಿತ್ತು. ಯಂತ್ರದ ಮುಂದೆ ವರ್ಷಗಟ್ಟಲೆ ಕೂತ ನನಗೆ ಅದರ ಬೆಲೆ ಗೊತ್ತಾಗುತ್ತಿತ್ತು. ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವನೊಂದು ಹಳೆಯ ಸಣ್ಣ ಕಾರು ತಂದ. ಒಂದೆರಡು ವರ್ಷ ಅದರಲ್ಲೇ ಅಲೆದು, ಆಮೇಲೆ ಸ್ವಾರ್‌ಗೇಟ್ ಹತ್ತಿರದ ಗೆಳೆಯನ ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು, ಅಪಘಾತದಲ್ಲಿ ಮುರಿದ ದೊಡ್ಡ ಗಾಡಿಯೊಂದರ ಎಂಜಿನ್ ಅದಕ್ಕೆ ಕೂರಿಸಿದ. ಮುಂದಿನ ಚಕ್ರಗಳಿಗೆ ದೊಡ್ಡ ಡಿಸ್ಕು, ಅಗಲದ ಟೈರು. ಆಗ ಇಂದಾಪುರದ ದಾರಿಯಲ್ಲಿ, ಹೆದ್ದಾರಿಯಿಂದ ಒಳಗೆ, ಕಬ್ಬಿನ ಹೊಲಗಳ ನಡುವೆ ಯಾರೂ ಬಳಸದ ಒಂದು ವಿಮಾನಪಟ್ಟಿ ಇತ್ತು. ಪುಣೆಯ ಕಾರಿನ ಹುಚ್ಚರು ಒಂದಿಪ್ಪತ್ತು ಮಂದಿ ತಿಂಗಳಿಗೊಂದು ಭಾನುವಾರ ಅನುಮತಿ ತೆಗೆದುಕೊಂಡು, ಹಳೆಯ ಟೈರುಗಳನ್ನಿಟ್ಟು ತಿರುವು ಮಾಡಿ, ಗಡಿಯಾರ ಹಿಡಿದು ಸುತ್ತು ಹೊಡೆಯುತ್ತಿದ್ದರು. ತಮ್ಮ ಅಲ್ಲಿಗೆ ಹೊರಟುನಿಂತಾಗ ಅವ್ವ ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ಆಕೆ ಅವನನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿದಳು.

"ಓಡಸೂದು ಅಂವಂದು, ನಿಲ್ಲಸೂದು ನಿಂದು. ಬ್ರೇಕ್ ನೀ ನೋಡಿದ್ರ ಹೋಗ್ಲಿ. ಇಲ್ಲಂದ್ರ ಬ್ಯಾಡ."

ಅಲ್ಲಿಂದ ಪ್ರತಿ ಸಲ ಅವನು ಕೀಲಿ ತೆಗೆದುಕೊಂಡಾಗಲೂ ಅಡಿಗೆಮನೆಯಿಂದ ಒಂದೇ ಪ್ರಶ್ನೆ ಬರುತ್ತಿತ್ತು, ಬ್ರೇಕ್ ನೋಡೀಯಿಲ್ಲೋ. ನೋಡೇನವಾ ಎಂದು ನಾನು ಹೇಳುವವರೆಗೆ ಅವನು ಚಪ್ಪಲಿ ಮೆಟ್ಟುತ್ತಿರಲಿಲ್ಲ.

ಆ ಕಾರಿಗೆ ಸರಿಯಾದ ಪ್ಯಾಡು ಹುಡುಕಲು ನಾನು ಪಟ್ಟ ಪಾಡು ನನಗೇ ಗೊತ್ತು. ತೊಂದರೆ ಏನೆಂದರೆ, ಅದು ಒಂದೇ ಗಾಡಿ ಎರಡು ಸಂಸಾರ ಮಾಡುತ್ತಿತ್ತು. ಸೋಮವಾರದಿಂದ ಶನಿವಾರ ಕಚೇರಿ, ತರಕಾರಿ, ಅವ್ವನ ಗುಡಿ. ತಿಂಗಳಿಗೊಂದು ಭಾನುವಾರ ವಿಮಾನಪಟ್ಟಿ. ಮಾಮೂಲಿ ಪ್ಯಾಡು ತಣ್ಣಗಿದ್ದಾಗ ಚೆನ್ನಾಗಿ ಹಿಡಿಯುತ್ತದೆ, ವಿಪರೀತ ಬಿಸಿಯಾದರೆ ಜಾರುತ್ತದೆ. ಮೂರನೇ ಸುತ್ತಿಗೆ ಪೆಡಲ್ ಒತ್ತಿದರೂ ಗಾಡಿ ಮುಂದಕ್ಕೇ ಹೋಗ್ತದ ಎಂದು ತಮ್ಮ ಹೇಳುತ್ತಿದ್ದ. ಪಂದ್ಯದ ಪ್ಯಾಡು ಇದಕ್ಕೆ ತಿರುಗಾಮುರುಗಾ. ಕಾದರೆ ಮಾತ್ರ ಹಿಡಿಯುತ್ತದೆ, ತಣ್ಣಗಿದ್ದರೆ ಕಲ್ಲು.

ಮೊದಲ ಸಲ ಪುಣೆಯ ಗಾಡಿ ಸಾಮಾನಿನ ಬಜಾರು ನಾನಾ ಪೇಠೆಯಿಂದ ತಂದ ಜೋಡಿ ನಕಲಿ. ಡಬ್ಬಿಯ ಅಕ್ಷರ ನೋಡಿಯೇ ಅನುಮಾನ ಬಂದು ಯಂತ್ರಕ್ಕೆ ಕಟ್ಟಿದರೆ ಪುಡಿಪುಡಿಯಾಯಿತು. ಅಂಗಡಿಯವನ ಜೊತೆ ಮರಾಠಿಯಲ್ಲಿ ಶುರುಮಾಡಿದ ಜಗಳ ಸಿಟ್ಟು ಹೆಚ್ಚಾಗಿ ಕನ್ನಡಕ್ಕೆ ಬಂತು, ಅವನು ಕಣ್ಣುಬಿಟ್ಟು ನಿಂತ. ಎರಡನೆಯದು ಪಂದ್ಯದ ಪ್ಯಾಡು. ಅದನ್ನು ಹಾಕಿದ ಮರುದಿನ ಬೆಳಿಗ್ಗೆ ತಮ್ಮ ಅವ್ವನನ್ನು ಗುಡಿಗೆ ಕರೆದೊಯ್ಯುವಾಗ ಮೊದಲ ತಿರುವಿನಲ್ಲೇ ಗಾಡಿ ನಿಲ್ಲದೆ, ಹಾಲಿನವನ ಸೈಕಲ್ಲಿಗೆ ಒಂದು ಗೇಣು ಉಳಿಸಿ ನಿಂತಿತು. ಅವ್ವ ಮನೆಗೆ ಬಂದು ನನ್ನನ್ನು ಬೈಯಲಿಲ್ಲ. ನನ್ನ ಮುಖ ನೋಡಿ, ಇದ ನೋಡೂದೇನೋ ನೀನು ಎಂದಷ್ಟೇ ಅಂದಳು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ನಾನು ಹಟಕ್ಕೆ ಬಿದ್ದೆ. ಬಿಸಿ ತಾಗಿದರೆ ಬಣ್ಣ ಬದಲಿಸುವ ಒಂದು ಬಗೆಯ ಬಣ್ಣ ಬರುತ್ತದೆ. ಡಿಸ್ಕಿನ ಅಂಚಿಗೆ ಬೇರೆ ಬೇರೆ ಬಿಸಿಗೆ ಬದಲಾಗುವ ಅದರ ಮೂರು ಗೆರೆ ಎಳೆದು ತಮ್ಮನನ್ನು ವಿಮಾನಪಟ್ಟಿಗೆ ಕಳಿಸಿದೆ. ಅವನು ಮರಳಿ ಬಂದ ಮೇಲೆ ಯಾವ ಗೆರೆ ಬೆಳ್ಳಗಾಗಿದೆ ಎಂದು ನೋಡಿ, ಎಷ್ಟು ಬಿಸಿಯಾಗುತ್ತದೆ ಎಂದು ತಿಳಿದುಕೊಂಡೆ. ಮೊದಲು ಬಿಸಿ ಅಳೆ, ಆಮೇಲೆ ಪ್ಯಾಡು ಆರಿಸು. ಇದು ನನ್ನ ಸೂತ್ರ. ಕಂಪನಿಗಳ ಹಾಳೆಗಳನ್ನು ತರಿಸಿ ಕೋಣೆಯ ತುಂಬ ಹರಡಿದೆ. ಎರಡು ತಿಂಗಳು ತಲೆ ಕೆಡಿಸಿಕೊಂಡ ಮೇಲೆ, ಮೊದಲ ಸಿಗ್ನಲ್ಲಿಗೂ ಹಿಡಿಯುವ, ಹತ್ತನೇ ಸುತ್ತಿಗೂ ಬಿಡದ ಒಂದು ನಡುವಿನ ಪ್ಯಾಡು ಸಿಕ್ಕಿತು. ವಿದೇಶದ್ದು. ಮುಂಬಯಿಯ ಒಬ್ಬರ ಮೂಲಕ ಹೇಳಿಕಳಿಸಿದರೆ ಬರಲು ಎರಡು ತಿಂಗಳು. ನನ್ನ ಜಂಬ ಕೇಳಬೇಕೆ? ಪುಣೆಯಲ್ಲಿ ಇದನ್ನು ಇಷ್ಟು ಲೆಕ್ಕ ಹಾಕಿ ಆರಿಸಿದವನು ನಾನೊಬ್ಬನೇ ಎಂದು ವಿಮಾನಪಟ್ಟಿಯ ಗೆಳೆಯರಿಗೆಲ್ಲ ಹೇಳಿಕೊಂಡು ಬಂದೆ.

ಅದೇ ದಿನಗಳಲ್ಲಿ ಒಂದು ಸುದ್ದಿ ಬಂತು. ಚೆನ್ನೈಯಿಂದ ಒಬ್ಬರು, ಪಂದ್ಯದ ತಂಡ ನಡೆಸುವವರು, ದಸರೆಯ ನಂತರದ ಭಾನುವಾರ ವಿಮಾನಪಟ್ಟಿಗೆ ಬಂದು ಓಡಿಸುವವರನ್ನು ನೋಡುತ್ತಾರೆ. ಒಳ್ಳೆಯವರು ಕಂಡರೆ ಒಬ್ಬನನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. ಎಲ್ಲರ ಬಾಯಲ್ಲೂ ತಮ್ಮನ ಹೆಸರು. ಅವನು ಮನೆಯಲ್ಲಿ ಏನೂ ಆಡಲಿಲ್ಲ. ಆದರೆ ಕಚೇರಿಯಿಂದ ಬರುವಾಗ ಮುಖ ಸಪ್ಪಗಿರುವುದು ನಿಂತಿತು. ಜೀವನದಲ್ಲಿ ಮೊದಲ ಸಲ, ತಾನು ಯಾವುದರಲ್ಲೋ ಪಾಸಾಗುತ್ತೇನೆ ಎಂಬ ನಂಬಿಕೆ ಅವನಿಗೆ ಬಂದಿತ್ತು. ಅದು ಮನೆಯವರಿಗೆಲ್ಲ ಕಾಣುತ್ತಿತ್ತು.

ಪ್ಯಾಡು ಬಂದದ್ದು ನವರಾತ್ರಿಯ ಕೊನೆಗೆ. ಮರುದಿನ ಖಂಡೇನವಮಿ. ನಮ್ಮ ಕಡೆ ಅವತ್ತು ದುಡಿಯುವ ಸಾಮಾನಿಗೆಲ್ಲ ಪೂಜೆ. ಅಪ್ಪನ ಕಾಲದಲ್ಲಿ ದೇವರ ಜಗಲಿಯ ಮೇಲೆ ಅವರ ಪೆನ್ನು, ಮಸಿಯ ದವತಿ ಇರುತ್ತಿದ್ದವು. ಆಮೇಲೆ ನಟ್ಟು ತಿರುಗಿಸುವ ನನ್ನ ಪಾನಾ, ಅಳತೆಪಟ್ಟಿ, ತಮ್ಮನ ಕಾರಿನ ಕೀಲಿ, ಅವ್ವನ ಇಳಿಗೆಮಣಿ. ಆ ವರ್ಷ ನಾನು ಹೊಸ ಪ್ಯಾಡುಗಳನ್ನೂ ಡಬ್ಬಿಯಿಂದ ತೆಗೆದು ಅಲ್ಲಿಟ್ಟೆ. ಯಾರೂ ಹೇಳಲಿಲ್ಲ, ನಾನೇ ಇಟ್ಟೆ. ನಾಲ್ಕೂ ಪ್ಯಾಡು ಸಾಲಾಗಿ, ಕಾರ್ಖಾನೆಯ ಅಭ್ಯಾಸದಂತೆ ಕಪ್ಪು ಮೈ ಮೇಲೆ ಮಾಡಿ ಇಟ್ಟು, ಪೇಟೆಗೆ ಹೂವು ತರಲು ಹೋದೆ.

ಮರಳಿ ಬರುವಷ್ಟರಲ್ಲಿ ಕುಂಕುಮ ಹಚ್ಚುವುದು ಮುಗಿದಿತ್ತು. ಪಾನಾ, ಕೀಲಿ, ಇಳಿಗೆಮಣಿ ಎಲ್ಲಕ್ಕೂ ಒಂದೊಂದು ಬೊಟ್ಟು. ಪ್ಯಾಡುಗಳ ಕಪ್ಪು ಮೈ ಮೇಲೆ ಮಾತ್ರ ಬೊಟ್ಟಲ್ಲ, ಮೂರು ಬೆರಳಿನ ಅಗಲದ ಕೆಂಪು ಪಟ್ಟಿ, ಹಸಿ ಹಸಿಯಾಗಿ ಹೊಳೆಯುತ್ತಿತ್ತು. ಏನು ಹಚ್ಚಿದೆ ಎಂದು ಕೇಳಿದೆ. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸಮಾಧಾನದಿಂದ ಹೇಳಿದಳು.

"ಒಣ ಕುಂಕುಮ ನಿಲ್ಲವಲ್ದಾಗಿತ್ತು, ಉದುರಿ ಉದುರಿ ಬೀಳತಿತ್ತು. ಎಣ್ಣ್ಯಾಗ ಕಲಸಿ ಹಚ್ಚೇನಿ. ಅಂವನ ಜೀವಾ ಹಿಡಿಯೂವು ಅಲ್ಲೇನು ಅವು? ಅದಕ್ಕ ಉಳದದ್ದಕ್ಕಿಂತ ಒಂದೀಟು ಹೆಚ್ಚಽ ಹಚ್ಚೇನಿ."

ಈ ಪ್ಯಾಡಿನ ಮೈಯೆಂದರೆ ಸಣ್ಣ ಸಣ್ಣ ತೂತುಗಳ ರಾಶಿ. ಎಣ್ಣೆಯನ್ನು ಇಟ್ಟಿಗೆ ನೀರು ಕುಡಿದಂತೆ ಕುಡಿಯುತ್ತದೆ. ಬೆರಳ ಗುರುತಿಗೇ ಹಿಂದಕ್ಕೆ ಕಳಿಸುವ ನಾನು, ಎಣ್ಣೆ ಕುಡಿದ ನಾಲ್ಕು ಪ್ಯಾಡುಗಳ ಮುಂದೆ ಹೂವಿನ ಪೊಟ್ಟಣ ಹಿಡಿದುಕೊಂಡು ನಿಂತಿದ್ದೆ. ಬಾಯಿಗೆ ಬಂದದ್ದನ್ನು ನುಂಗಿದೆ. ಅವ್ವ ಆರತಿ ಕೊಟ್ಟಳು, ತೆಗೆದುಕೊಂಡೆ. ಹೋಳಿಗೆ ಬಡಿಸಿದಳು, ಉಂಡೆ.

ಎದುರಿಗೆ ಮೂರು ದಾರಿ ಇದ್ದವು. ಒಂದು, ಮಾಮೂಲಿ ಪ್ಯಾಡನ್ನೇ ಹಾಕಿ ಕಳಿಸುವುದು. ಅದು ಮೂರನೇ ಸುತ್ತಿಗೆ ಜಾರುತ್ತದೆ, ಚೆನ್ನೈಯವರ ಮುಂದೆ ತಮ್ಮನ ಮಾನ ಹೋಗುತ್ತದೆ. ಎರಡು, ನಡೆದದ್ದನ್ನು ಹೇಳಿ, ಈ ಸಲ ಬೇಡ ಎನ್ನುವುದು. ಮೂರು, ಎಣ್ಣೆ ತೆಗೆಯುವುದು. ಎರಡನೆಯದೇ ಸರಿ ಎಂದು ನನಗೆ ಗೊತ್ತಿತ್ತು. ಆದರೆ ನಾನು ಮರುದಿನ ಪ್ಯಾಡುಗಳನ್ನು ಚೀಲದಲ್ಲಿ ಹಾಕಿಕೊಂಡು ಗ್ಯಾರೇಜಿಗೆ ಹೋಗಿ, ಪೆಟ್ರೋಲಿನಲ್ಲಿ ತೊಳೆದು, ಉಸುಕು ಕಾಗದದಿಂದ ಉಜ್ಜಿ, ಬೆಂಕಿಯ ಮೇಲೆ ಹಿಡಿದು ಹೊಗೆ ನಿಲ್ಲುವವರೆಗೆ ಕಾಯಿಸಿದೆ. ಪ್ರತಿ ಸಲ ಇನ್ನು ಮುಗಿಯಿತು ಎಂದುಕೊಂಡಾಗ ಮತ್ತೆ ಒಂದು ಎಳೆ ಹೊಗೆ ಏಳುತ್ತಿತ್ತು. ಕಾರ್ಖಾನೆಯ ಯಂತ್ರಕ್ಕೆ ಕಟ್ಟಿ ನೋಡಬಹುದಿತ್ತು. ಕಟ್ಟಲಿಲ್ಲ. ಅದು ಏನು ಹೇಳುತ್ತದೆ ಎಂಬ ಭಯ ನನಗೆ.

ಅವ್ವನಿಗೆ ನೋವಾಗಬಾರದು ಎಂದು ಹೀಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಇಷ್ಟು ಜಂಬ ಕೊಚ್ಚಿಕೊಂಡು ತರಿಸಿದ ಪ್ಯಾಡು ನನ್ನ ಮನೆಯಲ್ಲೇ, ನಾನೇ ಇಟ್ಟ ಜಾಗದಲ್ಲೇ ಹಾಳಾಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಪ್ಯಾಡು ಹಾಕಿ, ಹೊಸದು ಡಿಸ್ಕಿಗೆ ಕೂಡಿಕೊಳ್ಳಲೆಂದು ಸಾಸವಡದ ದಾರಿಯಲ್ಲಿ ದಿವೆ ಘಾಟಿಗೆ ಒಯ್ದು ಇಪ್ಪತ್ತು ಸಲ ವೇಗ ತೆಗೆದುಕೊಂಡು ನಿಲ್ಲಿಸಿದೆ. ಚೆನ್ನಾಗಿಯೇ ಹಿಡಿಯಿತು. ಜೀವ ತಂಪಾಯಿತು. ಭಾನುವಾರ ಬೆಳಿಗ್ಗೆ ಅವ್ವ ಕೇಳಿದಳು. ನೋಡೇನವಾ ಎಂದೆ.

ವಿಮಾನಪಟ್ಟಿಯಲ್ಲಿ ಅವತ್ತು ಬಿಸಿಲು ಚೆನ್ನಾಗಿತ್ತು. ಚೆನ್ನೈಯವರು ಬಿಳಿ ಟೋಪಿ ಹಾಕಿಕೊಂಡು ಗಡಿಯಾರ ಹಿಡಿದು ನಿಂತಿದ್ದರು. ತಮ್ಮ ಮೊದಲ ಎರಡು ಸುತ್ತು ಹೊಡೆದದ್ದು ನೋಡಿ ಅವರು ಪಕ್ಕದವರಿಗೆ ಏನೋ ಹೇಳಿದರು, ಪಕ್ಕದವರು ನನ್ನ ಕಡೆ ನೋಡಿ ತಲೆಯಾಡಿಸಿದರು. ನಾಲ್ಕನೇ ಸುತ್ತು. ಉದ್ದ ಪಟ್ಟಿಯ ಕೊನೆಗೆ, ಪ್ರತಿ ಸಲ ಹಿಡಿಯುವ ಜಾಗದಲ್ಲೇ ಅವನು ಬ್ರೇಕ್ ಹಿಡಿದ. ನಾನು ಹಿಂದಿನ ಕೆಂಪು ದೀಪ ಹತ್ತಿದ್ದನ್ನು ಕಣ್ಣಾರೆ ಕಂಡೆ. ಗಾಡಿ ನಿಧಾನವಾಗಲಿಲ್ಲ. ಎಡಕ್ಕೆ ಎಳೆಯಿತು, ಟೈರಿನ ಸಾಲನ್ನು ಹಾರಿಸಿತು, ಪಟ್ಟಿಯಿಂದ ಇಳಿದು ಕಬ್ಬಿನ ಹೊಲದ ಅಂಚಿನ ಕಾಲುವೆಗೆ ಮೂಗು ಹಾಕಿ ನಿಂತಿತು.

ಓಡಿದೆ. ಅಷ್ಟು ಜೋರಾಗಿ ನಾನು ಜೀವಮಾನದಲ್ಲಿ ಓಡಿಲ್ಲ. ಅವನು ಒಳಗೆ ಕೂತೇ ಇದ್ದ, ಎಡಗೈ ಮುರಿದು ಜೋತುಬಿದ್ದಿತ್ತು, ಹಣೆಯಿಂದ ರಕ್ತ. ಎಲ್ಲರೂ ಸೇರಿ ಹೊರಗೆ ತಂದು ಮರದ ನೆರಳಿಗೆ ಮಲಗಿಸಿದರು. ಆಸ್ಪತ್ರೆಗೆ ಒಯ್ಯಲು ಜೀಪು ತರಲು ಒಬ್ಬ ಹೋದ. ನಾನು ಕಾರಿನ ಹತ್ತಿರ ಹೋಗಿ ಮುಂದಿನ ಚಕ್ರದೊಳಗೆ ಬಗ್ಗಿ ನೋಡಿದೆ. ಬಲಗಡೆಯ ಪ್ಯಾಡಿನ ಅಂಚಿನಲ್ಲಿ, ಘಾಟಿಯಲ್ಲಿ ಏರದಿದ್ದ ಬಿಸಿಗೆ, ಒಳಗಿನಿಂದ ಕಂದು ಜಿಡ್ಡು ಉಕ್ಕಿ ಬಂದು ಕಮರಿ ಹೋಗಿತ್ತು. ಆ ವಾಸನೆ ನನಗೆ ಗೊತ್ತಿತ್ತು. ಒಗ್ಗರಣೆಯ ಎಣ್ಣೆ ಸೀದ ವಾಸನೆ.

ಮರಳಿ ಬಂದಾಗ ಚೆನ್ನೈಯವರೂ ತಮ್ಮನ ಪಕ್ಕ ನಿಂತಿದ್ದರು. ಅವನು ನನ್ನ ಮುಖವನ್ನೇ ನೋಡುತ್ತ ಕೇಳಿದ.

"ಅಣ್ಣಾ, ಬ್ರೇಕ್ ಏನರೆ ಕೈ ಕೊಟ್ವೇನು?"

ಬ್ರೇಕಿನ ವಿಷಯದಲ್ಲಿ ಅಲ್ಲಿದ್ದವರಿಗೆಲ್ಲ ನನ್ನ ಮಾತೇ ಕೊನೆಯ ಮಾತು. ಅವನಿಗಂತೂ ದೇವರ ಮಾತು.

"ಇಲ್ಲ," ಎಂದೆ. "ಪ್ಯಾಡು ಸರಿ ಅವ. ನೀ ತಡಾ ಮಾಡಿ ಹಿಡದಿ."

ಅವನು ಕಣ್ಣು ಮುಚ್ಚಿಕೊಂಡ. ತಡಾ ಮಾಡಿದೆನೇನು ಎಂದು ತನ್ನಷ್ಟಕ್ಕೆ ಒಂದು ಸಲ ಅಂದ. ಚೆನ್ನೈಯವರು ಏನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿದರು. ಯಾರೋ ವಿವರಿಸಿದರು. ಅವರು ಪಾಪ ಎಂಬಂತೆ ತಲೆಯಾಡಿಸಿ, ಮುಂದಿನ ಕಾರು ನೋಡಲು ಹೋದರು.

ಕೈ ಒಂದೂವರೆ ತಿಂಗಳಲ್ಲಿ ಕೂಡಿಕೊಂಡಿತು. ಕಾರನ್ನು ಗುಜರಿಗೆ ಹಾಕುವ ಮೊದಲು ಆ ನಾಲ್ಕು ಪ್ಯಾಡುಗಳನ್ನು ನಾನು ಬಿಚ್ಚಿಕೊಂಡು ಮುಠಾ ನದಿಗೆ ಎಸೆದು ಬಂದೆ. ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು, ಖಂಡೇನವಮಿ ದಿನ ಹಚ್ಚಿದ ಕುಂಕುಮವೇ ಅವನನ್ನು ಉಳಿಸಿತು ಎಂದು. ಅದನ್ನು ಕೇಳುತ್ತ ನಾನು ಪೇಪರು ಓದುತ್ತಿದ್ದೆ. ಪ್ರತಿ ವರ್ಷ ಅವ್ವ ನಮ್ಮ ಗಾಡಿಗಳಿಗೆ ಹಚ್ಚುವ ಕುಂಕುಮ ಹೆಚ್ಚಾಗುತ್ತ ಹೋಯಿತು.

ತಮ್ಮ ವಿಮಾನಪಟ್ಟಿಗೆ ಮತ್ತೆ ಹೋಗಲಿಲ್ಲ. ಗೆಳೆಯರು ಕರೆದರೆ, ನನ್ನ ಕಾಲು ಸರಿ ಇಲ್ಲ ಎನ್ನುತ್ತಿದ್ದ. ನನ್ನ ಮದುವೆಯ ಹಿಂದೆಯೇ ಅವನೂ ಮದುವೆಯಾದ, ಮಗಳು ಹುಟ್ಟಿದಳು, ಒಂದು ಸಾಧಾರಣ ಕಾರು ಕೊಂಡ. ಅವನು ಆ ಕಾರು ಓಡಿಸುವುದನ್ನು ನೋಡುವುದೇ ನನಗೆ ಶಿಕ್ಷೆಯಾಯಿತು. ಸಿಗ್ನಲ್ ಇನ್ನೂ ಹಸಿರಿದ್ದಾಗಲೇ ಬ್ರೇಕ್ ಮೇಲೆ ಕಾಲಿಡುತ್ತಿದ್ದ. ಮುಂದಿನ ಗಾಡಿಗೆ ಎರಡು ಗಾಡಿಯಷ್ಟು ಜಾಗ ಬಿಟ್ಟು ನಿಲ್ಲುತ್ತಿದ್ದ. ಆ ಜಾಗಕ್ಕೆ ರಿಕ್ಷಾದವರು ನುಗ್ಗುತ್ತಿದ್ದರು, ಹಿಂದಿನವರು ಹಾರ್ನ್ ಹೊಡೆದು ಮರಾಠಿಯಲ್ಲಿ ಬೈಯುತ್ತಿದ್ದರು. ಅವನ ಹೆಂಡತಿ ನಗುತ್ತ, ನಮ್ಮ ಯಜಮಾನರು ಎತ್ತಿನಗಾಡಿ ಬಿಟ್ಟು ಬಂದವರು ಎಂದು ತಮಾಷೆ ಮಾಡುತ್ತಿದ್ದಳು. ಅವಳಿಗೆ ಹಿಂದಿನದು ಗೊತ್ತಿರಲಿಲ್ಲ. ಅವನೂ ನಗುತ್ತಿದ್ದ. ಕಚೇರಿಯಿಂದ ಬರುವಾಗಿನ ಆ ಸಪ್ಪೆ ಮುಖ ಮತ್ತೆ ಬಂದಿತ್ತು, ಮತ್ತೆ ಹೋಗಲಿಲ್ಲ. ನಾನು ಎಷ್ಟೋ ಸಲ ಹೇಳಬೇಕೆಂದು ಬಾಯಿ ತೆರೆದು, ಬೇರೇನೋ ಹೇಳಿದ್ದೇನೆ. ಟೈರಿಗೆ ಗಾಳಿ ಕಡಿಮೆ ಅದ ನೋಡು ಎಂದಿದ್ದೇನೆ. ಥೂ ನನ್ನ ಬಾಯಿಗೆ.

ಆರು ವರ್ಷ ಕಳೆದ ಮೇಲೆ ಒಂದು ಚಳಿಗಾಲದಲ್ಲಿ ಅವ್ವನಿಗೆ ಜೇಜೂರಿಯ ದೇವರಿಗೆ ಹೋಗುವ ಮನಸ್ಸಾಯಿತು. ತಮ್ಮನ ಕಾರಿನಲ್ಲಿ ನಾವು ಮೂವರೇ ಹೋದೆವು. ಹೋಗುವಾಗ ಅವನೇ ಓಡಿಸಿದ, ಘಾಟಿ ಏರಿದ. ಮೆಟ್ಟಿಲು ಹತ್ತಿ ದರ್ಶನ ಮಾಡಿ, ಭಂಡಾರದ ಅರಿಶಿನ ಮೈಕೈಯೆಲ್ಲ ಮೆತ್ತಿಕೊಂಡು, ಸಾಸವಡದಲ್ಲಿ ಊಟ ಮಾಡಿ, ಮಧ್ಯಾಹ್ನ ಮೂರರ ಸುಮಾರಿಗೆ ಮರಳಿ ದಿವೆ ಘಾಟಿಯ ತಲೆಗೆ ಬಂದೆವು. ಇಳಿಜಾರು ಶುರುವಾಗುವ ಜಾಗದಲ್ಲಿ ಅವನು ಕಬ್ಬಿನ ಹಾಲಿನ ಅಂಗಡಿಯ ಪಕ್ಕ ಕಾರು ನಿಲ್ಲಿಸಿದ. ಅವ್ವ ಹಿಂದೆ ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದಳು. ಅವನು ಕೆಳಗಿಳಿದು ನನ್ನ ಬಾಗಿಲಿಗೆ ಬಂದು ಕೀಲಿ ಚಾಚಿದ.

"ಇಳಿಸೂದು ನೀ ಇಳಿಸು ಅಣ್ಣಾ. ಹಿಂದ ಅವ್ವ ಕುಂತಾಳ. ನನ್ನ ಕಾಲಿಂದು ನಂಬಿಗಿ ಇಲ್ಲ."

ಅವನು ಅದನ್ನು ಬೇಸರದಿಂದ ಹೇಳಲಿಲ್ಲ. ನನಗೆ ಕನ್ನಡಕ ಇಲ್ಲದೆ ಕಾಣುವುದಿಲ್ಲ ಎಂದು ಹೇಳುವಷ್ಟು ಸಹಜವಾಗಿ ಹೇಳಿದ. ಅದನ್ನೇ ನನಗೆ ತಡೆಯಲಾಗಲಿಲ್ಲ. ಕೀಲಿ ತೆಗೆದುಕೊಂಡೆ, ಆದರೆ ಕಾರಿನಲ್ಲಿ ಕೂರಲಿಲ್ಲ. ಅವನ ತೋಳು ಹಿಡಿದು ರಸ್ತೆಯಂಚಿನ ಗೋಡೆಯ ಹತ್ತಿರ ಕರೆದುಕೊಂಡು ಹೋದೆ. ಕೆಳಗೆ ಮಸ್ತಾನಿ ಕೆರೆ ಕಾಣುತ್ತಿತ್ತು. ಅದನ್ನೇ ನೋಡುತ್ತ ಎಲ್ಲವನ್ನೂ ಹೇಳಿದೆ. ಪ್ಯಾಡು ಜಗಲಿಯ ಮೇಲಿಟ್ಟದ್ದು, ಎಣ್ಣೆ, ಪೆಟ್ರೋಲು, ಹೊಗೆ, ಇದೇ ಘಾಟಿಯಲ್ಲಿ ಇಪ್ಪತ್ತು ಸಲ ನಿಲ್ಲಿಸಿ ನೋಡಿದ್ದು, ಕಾಲುವೆಯಲ್ಲಿ ಬಗ್ಗಿ ಕಂಡದ್ದು. ನೀನು ತಡ ಮಾಡಿರಲಿಲ್ಲ, ದೀಪ ಹತ್ತಿದ್ದನ್ನು ನಾನು ನೋಡಿದ್ದೆ ಎಂದೆ. ಅವ್ವನಿಗೆ ಗೊತ್ತಾದರೆ ಜೀವ ಬಿಡುತ್ತಾಳೆ ಅಂತ ಬಾಯಿ ಮುಚ್ಚಿಕೊಂಡೆ ಎಂದೂ ಸೇರಿಸಿದೆ. ಆ ಮಾತಿನ ಆಸರೆ ನನಗೆ ಅಷ್ಟು ರೂಢಿಯಾಗಿತ್ತು.

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ನಿಂತು ತಿನ್ನುತ್ತಿದ್ದೆ. ಅವನು ತಲೆ ಬಗ್ಗಿಸಿ ತನ್ನ ಬಲಗಾಲಿನ ಚಪ್ಪಲಿಯನ್ನು ನೋಡಿದ. ಒಂದು ಎಸ್‌ಟಿ ಬಸ್ಸು ಏದುಸಿರು ಬಿಡುತ್ತ ಘಾಟಿ ಏರಿ ನಮ್ಮನ್ನು ದಾಟಿ ಹೋಯಿತು. ಆಮೇಲೆ ಅವನು ತಲೆ ಎತ್ತಿದ.

"ಅವ್ವನ್ನ ಯಾಕ ನಡುವ ತರ್ತಿ? ಕುಂಕುಮ ಹಚ್ಚಿದಾಕಿ ಆಕಿ. ಗಾಡಿಗೆ ಹಾಕಿದಾಂವ ನೀನು. ಸರಿ ಅವ ಅಂದಾಂವನೂ ನೀನು."

ನಾನು ಹೌದು ಎಂದೆ.

ಆಕೆಗೆ ಹೇಳಿದ್ದೀಯಾ ಎಂದು ಕೇಳಿದ. ಇಲ್ಲ ಎಂದೆ. ಹೇಳಬೇಡ ಎಂದ. ಆಮೇಲೆ ಅರಿಶಿನ ಹತ್ತಿದ ಕೈ ಮುಂದೆ ಚಾಚಿದ. ಮೊದಲು ನನಗೆ ತಿಳಿಯಲಿಲ್ಲ. ಕೀಲಿ ಕೇಳುತ್ತಿದ್ದ. ಕೊಟ್ಟೆ. ಹಿಂದೆ ಕೂಡು ಎಂದು ಹೇಳಿ ಸ್ಟೇರಿಂಗಿನ ಕಡೆಗೆ ನಡೆದ.

ನಾನು ಅವ್ವನ ಪಕ್ಕ ಕೂತೆ. ಬಾಗಿಲು ಹಾಕಿದ ಸದ್ದಿಗೆ ಆಕೆಗೆ ಎಚ್ಚರವಾಯಿತು. ಕಾರು ಇಳಿಜಾರಿಗೆ ಬಿತ್ತು. ಮೊದಲ ತಿರುವಿಗೆ ಅವನ ಕಾಲು ಅಳುಕಿತು, ಗಾಡಿ ಎರಡು ಸಲ ಜಗ್ಗಿತು. ಎರಡನೆಯದಕ್ಕೆ ಒಂದೇ ಸಲ ಒತ್ತಿದ. ಮೂರನೆಯದಕ್ಕೆ ತಿರುವು ಹತ್ತಿರ ಬರುವವರೆಗೂ ಕಾದು, ಒತ್ತಿ, ಸಡಿಲಿಸಿ, ಅವ್ವನ ಮಡಿಲಿನ ಪ್ರಸಾದದ ಪುಡಿಕೆ ಅಲುಗಾಡದ ಹಾಗೆ ಗಾಡಿಯನ್ನು ತಿರುಗಿಸಿದ. ಆರು ವರ್ಷ ನಾನು ಕಸಿದುಕೊಂಡಿದ್ದ ಕಾಲು ಅದು. ನನಗೆ ಅಳು ಬಂತು, ಕಿಟಕಿಯ ಕಡೆ ಮುಖ ಮಾಡಿದೆ.

ಅವ್ವ ಮುಂದಕ್ಕೆ ನೋಡಿದಳು, ನನ್ನನ್ನು ನೋಡಿದಳು. ಅಂವ ಓಡಸಾಕತ್ತಾನೇನು ಎಂದಳು. ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಹಳೆಯ ಪ್ರಶ್ನೆ ಕೇಳಿದಳು.

"ಬ್ರೇಕ್ ನೋಡೀಯಿಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ ಮುಂದಿನಿಂದ ಉತ್ತರ ಬಂತು.

"ನಾ ನೋಡೇನವಾ. ಇನ್ನ ಮ್ಯಾಲೆ ನಾನಽ ನೋಡಕೋತೇನಿ."

ಅವ್ವ ನನ್ನ ಮೊಣಕಾಲಿನಿಂದ ಕೈ ತೆಗೆದು, ಹಾಗಾದರೆ ಸರಿ ಎಂದು ಮತ್ತೆ ಕಿಟಕಿಗೆ ತಲೆ ಆನಿಸಿದಳು.